ನಾಲ್ಕನೆಯ ಸಾಲು

ಹೊಳೆಸಾಲಿನ ಸಭೆ ಎಂದರೆ ಹನ್ನೊಂದು ಊರುಗಳ ಕ್ರೈಸ್ತರು. ದೊಡ್ಡ ಸಭೆಯೇನಲ್ಲ. ಎಲ್ಲರನ್ನೂ ಒಟ್ಟು ಸೇರಿಸಿದರೆ ಒಂದು ಮದುವೆ ಊಟಕ್ಕೆ ಆಗುವಷ್ಟು ಜನ.

ಅವರಿಗೂ ಒಂದು ವಿಶ್ವಾಸ ಪ್ರಮಾಣವಿದೆ. ಒಂದೇ ಹಾಳೆ, ಒಂಬತ್ತು ಸಾಲು. ತಾವು ಏನನ್ನು ನಂಬುತ್ತೇವೆ ಎಂಬುದನ್ನು ಅವರು ಅಷ್ಟರಲ್ಲೇ ಹೇಳಿ ಮುಗಿಸುತ್ತಾರೆ.

ದೇವರ ಮಗನ ಬಗ್ಗೆ ಇರುವ ಅದರ ನಾಲ್ಕನೆಯ ಸಾಲು ಹೀಗಿದೆ: ಮಗನು ತಂದೆಯಿಂದ ಹುಟ್ಟಿದವನು, ಆ ಹುಟ್ಟಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ.

ಒಂದು ವರ್ಷ ಆ ಸಾಲು ಹೋಗಿಯೇ ಬಿಡುತ್ತಿತ್ತು. ಅದು ಉಳಿದದ್ದು ಹೇಗೆ ಎಂದು ಹೇಳುತ್ತೇನೆ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಹೊಳೆಸಾಲಿನಲ್ಲಿ ಮಾತು ಬಲ್ಲವರೇ ಜಗಳಕ್ಕೆ ಮುಂದಿದ್ದರು. ಅವರಲ್ಲಿ ಎಲ್ಲರಿಗಿಂತ ಮುಂದಿದ್ದವನು ಸತ್ಯವಂತ.

ಸತ್ಯವಂತನಿಗೆ ಇಪ್ಪತ್ತಾರು ವರ್ಷ. ಪಟ್ಟಣದಲ್ಲಿ ನಾಲ್ಕು ವರ್ಷ ದೇವರ ವಿದ್ಯೆ ಓದಿ ಬಂದಿದ್ದ. ಬಂದು ಎರಡು ವರ್ಷದಿಂದ ಹೊಳೆದಂಡೆಯ ಆಶ್ರಮದಲ್ಲಿ ನತಾನಿಯೇಲಯ್ಯನವರ ಬಳಿ ಇದ್ದ. ಆ ವಾರದ ಭಾನುವಾರ ನಡೆಯಲಿದ್ದ ವರ್ಷದ ಕೂಟದಲ್ಲಿ ಹಿರಿಯರು ಅವನ ತಲೆಯ ಮೇಲೆ ಕೈಯಿಟ್ಟು ಅವನನ್ನು ಸಭಾಪಾಲಕನನ್ನಾಗಿ ಮಾಡುವವರಿದ್ದರು.

ನತಾನಿಯೇಲಯ್ಯನವರನ್ನು ಎಲ್ಲರೂ ಅಯ್ಯನವರು ಎಂದೇ ಕರೆಯುತ್ತಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಸಭೆಯಲ್ಲಿ ಅವರಿಗಿಂತ ಹಿರಿಯರು ಯಾರೂ ಇರಲಿಲ್ಲ.

ಹಾಳೆಯನ್ನು ತಿದ್ದಿ ಬರೆಯಬೇಕೆಂದು ಸಭೆ ಸತ್ಯವಂತನಿಗೆ ಹೇಳಿತ್ತು. ಅವನು ಎಂಟು ಸಾಲುಗಳನ್ನು ಹಾಗೆಯೇ ಬಿಟ್ಟ. ನಾಲ್ಕನೆಯದನ್ನು ಹೊಡೆದು ಹಾಕಿದ.

ಬುಧವಾರ ಬೆಳಿಗ್ಗೆ ಅವನು ಹಾಳೆ ಹಿಡಿದು ಹೊಳೆಗೆ ಇಳಿದ. ಅಯ್ಯನವರು ಕಲ್ಲಿನ ಮೇಲೆ ಧೋತರ ಒಗೆಯುತ್ತಿದ್ದರು.

ಓದು ಎಂದರು. ಅವನು ತನ್ನ ಹೊಸ ಸಾಲನ್ನು ಓದಿದ: ಮಗನು ಯಾರಿಂದಲೂ ಬಂದವನಲ್ಲ, ತಾನೇ ತಾನಾಗಿ ದೇವರು.

ಅಯ್ಯನವರು ಧೋತರ ಹಿಂಡಿದರು. "ಹಳೇ ಸಾಲಿನಾಗ ನಿನಗೇನ್ ತಪ್ಪು ಕಂಡ್ತು?"

"ಹುಟ್ಟಿದಾಂವ ಅಂದಕೂಡ್ಲೆ ಮಂದಿ ನಗ್ತಾರ್ರಿ ಅಯ್ಯನವರ. ಮೊದಲಿಲ್ಲದ ಹುಟ್ಟು ಅಂದ್ರ ಇನ್ನೂ ನಗ್ತಾರ. ಮತ್ತ, ಇನ್ನೊಬ್ಬರ ಕಡಿಂದ ಪಡದಾಂವ ಕೊಟ್ಟಾಂವಗಿಂತ ಸಣ್ಣಾವ ಆಗ್ತಾನ. ಮಗ ಸಣ್ಣಾವ ಆಗಬಾರದು ಅಂತನ ನಾ ಇದನ್ನ ತಗದೀನಿ."

ಅಯ್ಯನವರು ಧೋತರವನ್ನು ಕೊಡವಿದರು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಎರಡನೆಯದರ ಬೆಳಕು ಕಡಿಮೆಯೇನು ಎಂದು ಕೇಳಿದರು.

ಸತ್ಯವಂತ ಆ ಪ್ರಶ್ನೆಗೆ ಕಾದು ಕೂತವನ ಹಾಗೆ ಉತ್ತರ ಕೊಟ್ಟ. ಬೆಳಕು ಕಡಿಮೆಯಲ್ಲ, ಆದರೆ ಒಂದು ದೀಪ ಮೊದಲು ಹತ್ತಿತು, ಇನ್ನೊಂದು ಆಮೇಲೆ ಹತ್ತಿತು. ಮೊದಲು, ಆಮೇಲೆ ಎಂದು ಬಂದರೆ ಮಗನಿಗೆ ಆರಂಭ ಬಂತು.

ಅದು ಖರೆ ಎಂದರು ಅಯ್ಯನವರು. ಮತ್ತೆ, ಸೆಲೆಯಿಂದ ಹೊಳೆ ಬರುತ್ತದಲ್ಲ ಎಂದರು.

ಸೆಲೆ ಬತ್ತಿದ ವರ್ಷ ಹೊಳೆಯೂ ಬತ್ತುತ್ತದೆ, ಮಗ ಹಾಗೆ ಬತ್ತುವವನೇ ಎಂದು ಸತ್ಯವಂತ ತಿರುಗಿ ಕೇಳಿದ.

ಅಯ್ಯನವರು ನಕ್ಕುಬಿಟ್ಟರು. "ನನ್ನ ಹತ್ರ ಇದ್ದ ಕೊಡ ಇವ ಎರಡು. ಎರಡೂ ಸೋರ್ತಾವ. ಇನ್ನ ಬ್ಯಾರೆ ಇಲ್ಲಪ್ಪ."

ಗುರುವನ್ನು ಗೆದ್ದೆ ಎಂದು ಸತ್ಯವಂತನಿಗೆ ಖುಷಿಯಾಯಿತು. ಇಷ್ಟು ಸುಲಭವಾಗಿ ಗೆಲ್ಲಲು ಬಿಟ್ಟರಲ್ಲ ಎಂದು ಸಣ್ಣ ಅನುಮಾನವೂ ಬಂತು. ಆದರೂ ಕೇಳಿದ, ಹಾಗಾದರೆ ಹೊಸ ಸಾಲಿಗೆ ನಿಮ್ಮ ಒಪ್ಪಿಗೆ ಇದೆಯೇ, ನೀವು ಹೂಂ ಅಂದರೆ ಭಾನುವಾರ ಯಾರೂ ಎದುರು ಮಾತಾಡುವುದಿಲ್ಲ.

"ಜೀವಪ್ಪಗ ಹೇಳಿದ್ಯಾ?" ಎಂದರು ಅಯ್ಯನವರು.

ಜೀವಪ್ಪ ಅಂಚಿನಾಳದ ಉಪದೇಶಿ. ಎಪ್ಪತ್ತೊಂದು ವರ್ಷ. ಅದೇ ಊರಿನಲ್ಲಿ ನಲವತ್ತು ವರ್ಷದಿಂದ ಪ್ರಾರ್ಥನೆ ನಡೆಸಿ, ಪ್ರಭುಭೋಜನದ ರೊಟ್ಟಿ ಮುರಿದು ಹಂಚಿ, ಸತ್ತವರನ್ನು ಮಣ್ಣು ಮಾಡಿ ಬಂದವರು. ಅವರಿಗೆ ಬೇರೆ ಬದುಕೇ ಗೊತ್ತಿರಲಿಲ್ಲ.

ನಾಲ್ಕನೆಯ ಸಾಲು ಇಲ್ಲದ ಹಾಳೆಯನ್ನು ನಾನು ಬಾಯಿಂದ ಹೇಳುವುದಿಲ್ಲ ಎಂದು, ಬದಲಾವಣೆಯ ಸುಳಿವು ಸಿಕ್ಕ ಕೂಡಲೇ, ಅವರು ಸುದ್ದಿ ಕಳಿಸಿದ್ದರು. ಹೊಳೆಸಾಲಿನಲ್ಲಿ ಯಾರೂ ಹಾಳೆಗೆ ಸಹಿ ಹಾಕುವುದಿಲ್ಲ. ವರ್ಷದ ಕೂಟದಲ್ಲಿ ಪ್ರತಿಯೊಬ್ಬ ಉಪದೇಶಿಯೂ ಎದ್ದು ನಿಂತು ಒಂಬತ್ತೂ ಸಾಲನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳದವನು ಆ ದಿನದಿಂದ ರೊಟ್ಟಿ ಮುರಿಯುವಂತಿಲ್ಲ. ಅವನ ಜಾಗಕ್ಕೆ ಬೇರೆಯವರು ಬರುತ್ತಾರೆ.

ಕಾರ್ಯದರ್ಶಿ ಯೋನಾತಾನ ಮಾಸ್ತರರು ಜೀವಪ್ಪನವರಿಗೆ ಪತ್ರ ಬರೆಯುತ್ತಾರೆ ಎಂದು ಸತ್ಯವಂತ ಹೇಳಿದ.

"ಪತ್ರ ಬ್ಯಾಡ. ಹಾಳಿ ಬರದಾಂವ ನೀನು. ನೀನ ಹೋಗಿ ಹೇಳು."

ಸತ್ಯವಂತ ಹಾಳೆ ಮಡಚುತ್ತ ದಂಡೆಯಲ್ಲಿ ಕೂತ. ಅಯ್ಯನವರು ಧೋತರವನ್ನು ಕಲ್ಲಿನ ಮೇಲೆ ಹರವಿ ಅವನ ಪಕ್ಕದಲ್ಲಿ ಬಂದು ಕೂತರು. ಹೋಗಲು ಏನು ತೊಂದರೆ ಎಂದು ಕೇಳಿದರು. ತೊಂದರೆ ಏನೆಂದು ಅವರಿಗೆ ಗೊತ್ತೇ ಇತ್ತು.

ಆ ಸಭೆಯಲ್ಲಿ ಒಂದು ಪದ್ಧತಿ ಇದೆ. ಮೊದಲ ಸಲ ಪ್ರಸಂಗಕ್ಕೆ ನಿಂತವನು ಸತ್ಯವೇದ ತೆರೆಯುವುದಕ್ಕೂ ಮುಂಚೆ, ತನಗೆ ನಂಬಿಕೆ ಯಾರಿಂದ ಬಂತೆಂದು ಹೆಸರು ಹಿಡಿದು ಹೇಳಬೇಕು. ಅಜ್ಜಿಯಿಂದ ಬಂತು ಎಂದವರಿದ್ದಾರೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದವನಿಂದ ಬಂತು ಎಂದವರೂ ಇದ್ದಾರೆ. ಒಬ್ಬ ತನ್ನ ಹೆಂಡತಿಯ ಹೆಸರು ಹೇಳಿ ಎರಡು ದಿನ ಎಲ್ಲರ ಚೇಷ್ಟೆಗೆ ಗುರಿಯಾಗಿದ್ದ.

ಎರಡು ವರ್ಷದ ಹಿಂದೆ ಸತ್ಯವಂತ ಮೊದಲ ಸಲ ನಿಂತಾಗ, ನನಗೆ ನಂಬಿಕೆ ನೇರವಾಗಿ ಸತ್ಯವೇದದಿಂದಲೇ ಬಂತು ಎಂದುಬಿಟ್ಟ. ಜೀವಪ್ಪ ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿಸಿದ ಕೋಟು ಹಾಕಿಕೊಂಡು ಕೂತಿದ್ದರು.

ಸತ್ಯವಂತನಿಗೆ ಏಳು ವರ್ಷವಿದ್ದಾಗ ತಾಯಿ ಜ್ವರದಲ್ಲಿ ತೀರಿಕೊಂಡಿದ್ದಳು. ಮಣ್ಣು ಮುಗಿಸಿ ಜೀವಪ್ಪ ಅವನನ್ನು ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಿದ್ದರು. ಹೊಳೆಯ ಮರಳಿನಲ್ಲಿ ಬೆರಳು ಹಿಡಿದು ಅಕ್ಷರ ತಿದ್ದಿಸಿದ್ದರು. ಅವರೇ ಓದಲು ಕಲಿತದ್ದು ಮೂವತ್ತರ ಮೇಲೆ. ಈಗಲೂ ಸತ್ಯವೇದದ ಪ್ರಕಟನೆ ಪುಸ್ತಕವನ್ನು ಪರ್ಕಟಣಿ ಎನ್ನುತ್ತಾರೆ.

ಆ ದಿನ ಪಟ್ಟಣದಿಂದ ಸತ್ಯವಂತನ ಅಧ್ಯಾಪಕರು ಬಂದಿದ್ದರು. ಅವರೆದುರು ಆ ಹೆಸರು ಅವನ ಬಾಯಿಂದ ಬರಲಿಲ್ಲ.

"ಅವತ್ತ ಹೆಸರು ಯಾಕ ಹೇಳಲಿಲ್ಲ?" ಎಂದರು ಅಯ್ಯನವರು. ಎರಡು ವರ್ಷದಲ್ಲಿ ಇದೇ ಮೊದಲು ಕೇಳಿದ್ದು.

ಸತ್ಯವಂತ ನೀರಿನ ಕಡೆ ನೋಡುತ್ತ ಹೇಳಿದ. "ಅಂಚಿನಾಳದ ಜೀವಪ್ಪನ ಕಡಿಂದ ಬಂತು ಅಂದ್ರ ನಾ ಸಣ್ಣಾವ ಆಗ್ತೀನಿ ಅನ್ನಿಸ್ತ್ರಿ."

ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅದೇ ಮಾತನ್ನು ಅವನು ದೇವರ ಮಗನ ಬಗ್ಗೆ ಆಡಿದ್ದ. ನಾಚಿಕೆಯಿಂದ ಅವನ ಮುಖ ಕೆಂಪಾಯಿತು.

ಆದರೆ ಅವನು ದಡ್ಡನಲ್ಲ, ಸುಳ್ಳನೂ ಅಲ್ಲ. ತಲೆ ಎತ್ತಿದ. "ನಾ ತಪ್ಪು ಮಾಡೀನಿ ಅಂದ ಮಾತ್ರಕ್ಕ ಆ ಸಾಲು ಖರೆ ಆಗೂದಿಲ್ರಿ ಅಯ್ಯನವರ."

"ಆಗೂದಿಲ್ಲ. ಆದ್ರ ಪಡಿಯೂದು ಅಂದ್ರ ಸಣ್ಣತನ ಅಂತ ನಿನಗ ಯಾರು ಹೇಳಿಕೊಟ್ರು? ಸತ್ಯವೇದದಾಗಂತೂ ನಾ ಅದನ್ನ ಓದಿಲ್ಲ."

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಸತ್ಯವಂತ ಮಧ್ಯಾಹ್ನದ ಬಸ್ಸಿಗೆ ಅಂಚಿನಾಳಕ್ಕೆ ಹೊರಟ.

ಜೀವಪ್ಪ ಮನೆಯ ಮುಂದೆ ಕೂತು ಪ್ರಭುಭೋಜನದ ಹಿತ್ತಾಳೆ ತಟ್ಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಅವನನ್ನು ಕಂಡು ಎದ್ದು ಬಂದರು. ಮೊದಲು ಉಣ್ಣು ಎಂದು ಒಳಗೆ ಕರೆದು ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ಯಾಕೆ ಬಂದೆ ಎಂದು ಕೇಳಲಿಲ್ಲ.

ಅರ್ಧ ಊಟದಲ್ಲೇ ಸತ್ಯವಂತ ಎಲ್ಲವನ್ನೂ ಹೇಳಿದ. ಹಾಳೆ ಬರೆದದ್ದು ತಾನು, ಸಾಲು ಹೊಡೆದದ್ದು ತಾನು, ಭಾನುವಾರ ಏನಾಗುತ್ತದೆ ಎಂದೂ ಹೇಳಿದ.

ಜೀವಪ್ಪನವರಿಗೆ ಸಿಟ್ಟು ಬರಲಿಲ್ಲ. ಇನ್ನು ಮುಂದೆ ಪ್ರಭುಭೋಜನದ ತಟ್ಟೆಯನ್ನು ಯಾರ ಕೈಗೆ ಕೊಡಬೇಕೆಂದು ಮಾತ್ರ ಕೇಳಿದರು. ಅದಕ್ಕಾಗಿಯೇ ತಿಕ್ಕಿಡುತ್ತಿದ್ದರಂತೆ, ಬರುವವರಿಗೆ ಕರೆಗಟ್ಟಿದ ತಟ್ಟೆ ಕೊಡಬಾರದಲ್ಲ.

ಸತ್ಯವಂತನಿಗೆ ಅದನ್ನು ಕೇಳಿ ತಡೆಯಲಾಗಲಿಲ್ಲ. "ಕಾಕಾ, ಒಂದ ಸಾಲು. ಬಾಯಿಲೆ ಹೇಳಿಬಿಡ್ರಿ. ಮನಸಿನಾಗ ನಿಮ್ಮದು ನಿಮಗ ಇರಲಿ."

"ಬಾಯಿಲೆ ಒಂದು, ಮನಸಿನಾಗ ಒಂದು ಇಟ್ಕೊಂಡು ರೊಟ್ಟಿ ಹೆಂಗ ಮುರೀಲೋ?"

ಹಾಗಾದರೆ ಆ ಸಾಲಿನಲ್ಲಿ ಅಂಥದ್ದೇನಿದೆ ಎಂದು ಸತ್ಯವಂತ ಕೇಳಿದ. ಈ ಸಲ ಅವನು ವಾದಕ್ಕಾಗಿ ಕೇಳಲಿಲ್ಲ.

ಜೀವಪ್ಪ ರೊಟ್ಟಿಯ ಬುಟ್ಟಿ ಪಕ್ಕಕ್ಕಿಟ್ಟು ಅವನೆದುರು ಕೂತರು.

"ನಾ ಓದಿದಾಂವ ಅಲ್ಲ, ನನಗ ತಿಳಿದಷ್ಟು ಹೇಳ್ತೀನಿ. ನಾ ಸಣ್ಣಾವ ಇದ್ದಾಗ ನಮಗ ರೊಟ್ಟಿ ಕೊಡಾವ್ರು ಕಟ್ಟಿ ಮ್ಯಾಲಿಂದ ಒಗೀತಿದ್ರು. ನಾವು ಕೆಳಗ ನಿಂತು ಅರಿವಿ ಒಡ್ಡಿ ಹಿಡೀತಿದ್ವಿ, ತಲಿ ಬಗ್ಗಿಸಿ. ಕೊಡಾಂವ ಮ್ಯಾಲ, ತಗೊಳ್ಳಾಂವ ಕೆಳಗ. ಲೋಕ ಅಂದ್ರ ಅಷ್ಟ ಅಂತ ತಿಳಿದಿದ್ದೆ."

ಅವನ ಮುಂದೆ ಇನ್ನೊಂದು ರೊಟ್ಟಿ ಇಟ್ಟರು.

"ಆಮ್ಯಾಲ ಅಯ್ಯನವರು ಈ ಸಾಲು ಓದಿ ಹೇಳಿದ್ರು. ಮಗ ತನ್ನದೆಲ್ಲಾ ತಂದೀ ಕಡಿಂದನ ಪಡದಾನ. ಆದ್ರೂ ತಂದೀ ಸರಿಸಮ ಕೂತಾನ. ತಂದಿ ಒಂದು ಚೂರೂ ತನಗ ಅಂತ ಹಿಂದಿಟ್ಕೊಳ್ಳದ ಕೊಟ್ಟಾನ, ಕೊಟ್ಟೀನಿ ಅಂತ ಒಂದ ಸಲನೂ ಆಡಿ ತೋರಿಸಿಲ್ಲ. ದೇವರೊಳಗನ ಹಿಂಗ ಐತಿ ಅಂದ್ರ, ಪಡಿಯೂದು ಕೆಟ್ಟದ್ದಲ್ಲ ಅನ್ನಿಸ್ತು. ಅವತ್ತಿನಿಂದ ನಾ ಯಾರ ಮನ್ಯಾಗ ಉಂಡ್ರೂ ತಲಿ ಎತ್ತಿ ಉಣ್ತೀನಿ. ಆ ಸಾಲು ತಗದ್ರ ನನ್ನನ್ನ ಮತ್ತ ಕಟ್ಟಿ ಕೆಳಗ ನಿಲ್ಲಿಸಿದಂಗ ಆಗ್ತದ ಸತ್ಯಾ."

ಸತ್ಯವಂತ ಅತ್ತುಬಿಟ್ಟ. ನಾಲ್ಕು ವರ್ಷ ಓದಿದ ದಪ್ಪ ದಪ್ಪ ಪುಸ್ತಕಗಳಲ್ಲಿ ಮಗನು ತಂದೆಗೆ ಸಮನೆಂದು ಎಷ್ಟೋ ಸಲ ಓದಿದ್ದ. ಪಡೆದೂ ಸಮನು ಎಂಬುದು ಒಬ್ಬ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಎರಡು ವರ್ಷದ ಹಿಂದೆ ನಿಮ್ಮ ಹೆಸರು ಹೇಳಲಿಲ್ಲ ಎಂದ.

"ಅವತ್ತ ಭಾಳ ಚೊಲೋ ಹೇಳಿದಿ. ನಾ ನಿನ್ನ ಮಾತು ಕೇಳಾಕ ಬಂದಿದ್ದೆ, ನನ್ನ ಹೆಸರು ಕೇಳಾಕಲ್ಲ."

ಹಾಗೆ ಹೇಳಿದರು, ಆದರೆ ನೋವಾಗಿತ್ತು. ಇಸ್ತ್ರಿ ಮಾಡಿಸಿದ ಆ ಕೋಟನ್ನು ಅವರು ಮತ್ತೆ ಹಾಕಿಕೊಂಡಿರಲಿಲ್ಲ.

ಮರುದಿನ ಸತ್ಯವಂತ ಆಶ್ರಮಕ್ಕೆ ವಾಪಸಾದ. ಹಳೆಯ ಸಾಲು ಇರಬೇಕು ಎಂದು ಅಯ್ಯನವರಿಗೆ ಹೇಳಿದ.

ಮೊದಲು, ಆಮೇಲೆ ಎಂಬ ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ಅವರು ಕೇಳಿದರು.

"ಸಿಕ್ಕಿಲ್ರಿ. ಪಡದಾಂವ ಸಣ್ಣಾವ ಅಲ್ಲ ಅನ್ನೂದು ತಿಳೀತು. ಹುಟ್ಟಿಗೆ ಮೊದಲಿಲ್ಲ ಅನ್ನೂದು ಇನ್ನೂ ತಿಳೀವಲ್ದು."

"ಕೂಟದಾಗ ಕೇಳಿದ್ರ ಏನ್ ಹೇಳ್ತಿ?"

"ತಿಳಿದಿಲ್ಲ ಅಂತ ಹೇಳ್ತೀನ್ರಿ. ನೀವು ಒಂದು ಮಾತು ಹೇಳಿದ್ರ ಕೆಲಸ ಆಗ್ತದ."

ಯಾರೂ ಕೇಳದೆ ತಾನಾಗಿ ಮಾತಾಡುವ ವಯಸ್ಸು ತನ್ನದಲ್ಲ ಎಂದು ಅಯ್ಯನವರು ಒಣಗಿದ ಧೋತರ ಮಡಚಿದರು. ಸತ್ಯವಂತನಿಗೆ ಸ್ವಲ್ಪ ಬೇಜಾರಾಯಿತು.

ಭಾನುವಾರ ಹೊಳೆಯ ಮರಳಿನ ಮೇಲೆ ಹಂದರ ಹಾಕಿದ್ದರು. ಹನ್ನೊಂದು ಊರಿನ ಜನ ಬಂದಿದ್ದರು. ಜೀವಪ್ಪ ಮಾಮೂಲಿ ಅಂಗಿಯಲ್ಲಿ ಬಂದು ಕೊನೆಯ ಸಾಲಿನಲ್ಲಿ ಕೂತರು. ತಟ್ಟೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

ಯೋನಾತಾನ ಮಾಸ್ತರರು ಹೊಸ ಹಾಳೆ ಓದಿದರು. ಮೊದಲ ಸಾಲು, ದೇವರು ಎಂದೆಂದಿಗೂ ತಂದೆ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಎರಡು, ಮೂರು ಹಾಗೆಯೇ ಹೋದವು. ನಾಲ್ಕನೆಯದನ್ನು ಓದಿದಾಗ ಕೆಲವರು ಹಿಂದೆ ತಿರುಗಿ ಜೀವಪ್ಪನವರನ್ನು ನೋಡಿದರು.

ಬರೆದವನೇ ಮೊದಲು ಎದ್ದು ಹಾಳೆ ಹೇಳಬೇಕು ಎಂದು ಮಾಸ್ತರರು ಸತ್ಯವಂತನನ್ನು ಕರೆದರು. ಕೈಯಿಟ್ಟು ಹರಸಬೇಕಾದ ಹಿರಿಯರು ಅವನ ಹಿಂದೆ ಸಾಲಾಗಿ ನಿಂತಿದ್ದರು.

ಸತ್ಯವಂತ ಎದ್ದು ನಿಂತ.

"ಹಾಳಿ ಓದೂಕಿಂತ ಮೊದಲು ನನ್ನದೊಂದು ಮಾತು ಬಾಕಿ ಐತ್ರಿ. ಎರಡು ವರ್ಷದಿಂದ ಬಾಕಿ ಐತಿ. ನನಗ ನಂಬಿಕಿ ಬಂದದ್ದು ಅಂಚಿನಾಳದ ಜೀವಪ್ಪನವರ ಕಡಿಂದ. ಅವರಿಗೆ ಬಂದದ್ದು ಅಯ್ಯನವರ ಕಡಿಂದ."

ಜೀವಪ್ಪ ಮರಳಿನ ಮೇಲೆ ಬೆರಳಾಡಿಸುತ್ತ ಕೂತರು. ಅವರ ಗಲ್ಲ ಒದ್ದೆಯಾಗಿತ್ತು.

ಆಮೇಲೆ ಸತ್ಯವಂತ ತಾನು ಬರೆದ ಸಾಲನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದ. ಹಳೆಯ ಸಾಲು ಹೋದರೆ ತಾನೂ ಹಾಳೆ ಹೇಳುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ.

ಹಂದರದಲ್ಲಿ ಗದ್ದಲವೆದ್ದಿತು. ಹಾಳೆ ಹೇಳದವನ ತಲೆಯ ಮೇಲೆ ಯಾರೂ ಕೈಯಿಡುವಂತಿಲ್ಲ. ಆರು ವರ್ಷದ ಅವನ ಆಸೆ ಎಲ್ಲರೆದುರು ಮಣ್ಣುಪಾಲಾಗುವುದರಲ್ಲಿತ್ತು.

ಮಾಸ್ತರರು ಕೆಟ್ಟವರಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವರು. ನಮ್ಮ ಮಕ್ಕಳನ್ನು ಊರಿನ ಮಕ್ಕಳು ಈ ಸಾಲಿಗಾಗಿ ಹಾಸ್ಯ ಮಾಡುತ್ತಾರೆ, ಅದಕ್ಕೆ ಸರಿಯಾದ ಉತ್ತರ ಮಕ್ಕಳ ಕೈಗೆ ಕೊಡಬೇಕಲ್ಲ ಎಂದರು. ಹೋದ ತಿಂಗಳು ನೀನೇ ಕೇಳಿದ್ದೆಯಲ್ಲ, ಹುಟ್ಟಿದ ಎಂದರೆ ತಂದೆ ಮೊದಲು, ಮಗ ಆಮೇಲೆ ಎಂದಾಯಿತಲ್ಲ ಎಂದು, ಈಗ ನಿನ್ನ ಪ್ರಶ್ನೆಗೆ ನೀನೇ ಉತ್ತರ ಹೇಳು ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು.

"ಉತ್ತರ ನನಗ ತಿಳಿದಿಲ್ರಿ ಮಾಸ್ತರ," ಎಂದ ಸತ್ಯವಂತ.

ಕೆಲವರು ನಕ್ಕರು. ಅವನು ಹಾಳೆಯನ್ನು ಮೇಜಿನ ಮೇಲಿಟ್ಟ. ಹಿರಿಯರ ಮುಂದಿನಿಂದ ಇಳಿದು, ಜನರ ನಡುವೆ ನಡೆದು ಹೋಗಿ, ಕೊನೆಯ ಸಾಲಿನಲ್ಲಿ ಜೀವಪ್ಪನವರ ಪಕ್ಕದಲ್ಲಿ ಕೂತ.

ಹಳೆಯ ಸಾಲು ಬೇಕೆನ್ನುವವರು ಏಳಬೇಕು ಎಂದು ಮಾಸ್ತರರು ಕೇಳಿದರು. ಅರ್ಧ ಜನ ಎದ್ದರು, ಅರ್ಧ ಜನ ಕೂತೇ ಇದ್ದರು. ಯಾವ ಕಡೆ ಹೆಚ್ಚು ಎಂದು ಹೇಳಲು ಆಗಲಿಲ್ಲ.

ಆಗ ಎಲ್ಲರೂ ಅಯ್ಯನವರ ಕಡೆಗೆ ತಿರುಗಿದರು. ಅವರೊಬ್ಬರು ಏಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಹಂದರದ ಕಂಬಕ್ಕೆ ಒರಗಿ ಕೂತಿದ್ದರು.

"ಅಯ್ಯನವರ, ನೀವ ಹೇಳ್ರಿ," ಎಂದರು ಮಾಸ್ತರರು. "ಸಣ್ಣ ಹುಡುಗರಿಗೂ ಗೊತ್ತಿದ್ದ ಮಾತು. ತಂದಿ ಮೊದಲು, ಮಗ ಆಮ್ಯಾಲ. ಹೌದಲ್ರಿ?"

ಅಯ್ಯನವರು ಕೋಲೂರಿ ಎದ್ದರು. ನಿಧಾನವಾಗಿ ಕೊನೆಯ ಸಾಲಿನವರೆಗೂ ಹೋದರು. ಜೀವಪ್ಪನವರ ಹೆಗಲ ಮೇಲೆ ಕೈಯಿಟ್ಟು ನಿಂತರು.

"ದೇವರು ಎಂದೆಂದಿಗೂ ತಂದಿ ಅಂತ ಈಗ ನೀವ ಓದಿದ್ರಿ ಮಾಸ್ತರ, ಮಗ ಇಲ್ಲದ ತಂದಿ ಅಂತ ಇರ್ತಾನೇನು? ನೀವೆಲ್ಲಾ ನನಗ ಗುರು ಅಂತೀರಿ. ಈ ಜೀವಪ್ಪ ಬಂದು ನನ್ನ ಮುಂದ ಕೂಡೂತನಕ ನಾ ಗುರು ಆಗಿರಲಿಲ್ಲ."